ಪದ ಪರಿಚಯ: ಸಹಸಾಗಣೆ

ಮಳೆಗಾಲದಲ್ಲಿ ಮಗುವಿಗೆ ಭೇದಿಯಾದರೆ ಅಂಕೋಲಾ, ಕುಮಟಾ ಕಡೆಯ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿಗೆ ಅಲ್ಲೇ ಸಮೀಪದ ಸಾಣಿಕಟ್ಟಾ ಊರಿನ ಉಪ್ಪಿನ ನಾಲ್ಕು ಹರಳು ಕದಡಿ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸುವುದುಂಟು. ಗಂಜಿಯ ಪಿಷ್ಟ ಒಡೆದು ಸಿಗುವ ಗ್ಲೂಕೋಸೂ ಉಪ್ಪಿನ ಸೋಡಿಯಮ್ಮೂ ಸಣ್ಣ ಕರುಳಿನ ಗೋಡೆಯ ಜೀವಕೋಶಗಳನ್ನು ಒಂದೇ ಬಾಗಿಲಿನಿಂದ, ಜೊತೆಯಾಗಿ ಹೊಗುತ್ತವೆ. ಈ ಕ್ರಿಯೆಗೆ ಸಹಸಾಗಣೆ ಎಂದು ಹೆಸರು.

ಬಾಗಿಲೆಂದರೆ ಇಲ್ಲಿ ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನು. ಅದು ಪ್ರತಿ ಸಲವೂ 1 ಗ್ಲೂಕೋಸ್ ಅಣುವಿನೊಂದಿಗೆ 2 ಸೋಡಿಯಂ ಅಯಾನುಗಳನ್ನು ಒಳಕ್ಕೆ ದಾಟಿಸುತ್ತದೆ. ಅದಕ್ಕೆ ಬಲ ಬರುವುದು ಜೀವಕೋಶದ ಇನ್ನೊಂದು ಮಗ್ಗುಲಿನಿಂದ, ಅಂದರೆ ರಕ್ತದ ಬದಿಯಿಂದ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ವಿವರಿಸಿದ ಪಂಪು ಅಲ್ಲಿ ಜೀವಕೋಶದ ಇಂಧನವಾದ ಎಟಿಪಿಯನ್ನು ವ್ಯಯಿಸಿ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತಿರುತ್ತದೆ. ಹೀಗೆ ಜೀವಕೋಶದೊಳಗೆ ಸೋಡಿಯಂ ಸದಾ ಕಡಿಮೆಯಾಗಿರುವುದರಿಂದ ಅನ್ನದ ಬದಿಯ, ಅಂದರೆ ಕರುಳಿನ ಟೊಳ್ಳಿನ ಕಡೆಯ, ಸೋಡಿಯಂ ಒಳನುಗ್ಗುತ್ತದೆ, ನುಗ್ಗುವಾಗ ಗ್ಲೂಕೋಸನ್ನೂ ಎಳೆದುಕೊಳ್ಳುತ್ತದೆ. ಈ ವಿಚಾರವನ್ನು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದವರು ಅಮೆರಿಕದ ರಾಬರ್ಟ್ ಕ್ರೇನ್.

ಗ್ಲೂಕೋಸಿಗೆ ವಿದ್ಯುದಾವೇಶವಿಲ್ಲ, ಸೋಡಿಯಮ್ಮಿಗೆ ಧನಾವೇಶವಿದೆ. ಆದ್ದರಿಂದ ಈ ಬಾಗಿಲು ತಿರುಗಿದಾಗಲೆಲ್ಲ ಎರಡು ಧನಾವೇಶಗಳು ಅನ್ನದ ಬದಿಯನ್ನು ಬಿಟ್ಟು ಒಳಗೆ ಹೋಗುತ್ತವೆ, ಆ ಬದಿ ರಕ್ತದ ಬದಿಗಿಂತ ಕೆಲವು ಮಿಲಿವೋಲ್ಟುಗಳಷ್ಟು ಹೆಚ್ಚು ಋಣವಾಗುತ್ತದೆ. ಕರುಳಿನ ತುಣುಕೊಂದನ್ನು ಎರಡು ಕೋಣೆಗಳ ನಡುವೆ ತೆರೆಯಂತೆ ಬಿಗಿದು ಅನ್ನದ ಬದಿಗೆ ಗ್ಲೂಕೋಸ್ ಸೇರಿಸಿದರೆ ಮಾಪಕದಲ್ಲಿ ಈ ಏರಿಕೆ ಕಣ್ಣಿಗೇ ಕಾಣುತ್ತದೆ. ಅಣುಗಳ ಹೆಜ್ಜೆಯನ್ನು ಹೀಗೆ ಎದುರಿಗೇ ಓದಬಹುದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಕಾಲರಾದ ವಿಷವು ಜೀವಕೋಶದ ಕ್ಲೋರೈಡ್ ದ್ವಾರಗಳನ್ನು ತೆರೆದಿಟ್ಟು ಉಪ್ಪನ್ನೂ ನೀರನ್ನೂ ಕರುಳಿಗೆ ಸುರಿಸುತ್ತದೆ. ಆಗಲೂ ಸಹಸಾಗಣೆ ಕೆಡುವುದಿಲ್ಲ. ಸೋಡಿಯಂ ಮತ್ತು ಗ್ಲೂಕೋಸಿನ ಹಿಂದೆಯೇ ನೀರು ದೇಹಕ್ಕೆ ಮರಳುತ್ತದೆ. ಭೇದಿಯಾದವರಿಗೆ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣವಾದ ಓಆರ್‌ಎಸ್ ನಿಂತಿರುವುದು ಇದರ ಮೇಲೆಯೇ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣದಲ್ಲಿ ಲೀಟರಿಗೆ ಸೋಡಿಯಮ್ಮೂ ಗ್ಲೂಕೋಸೂ ತಲಾ 75 ಮಿಲಿಮೋಲ್ ಇರುತ್ತವೆ. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ, ಉಪ್ಪು ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಸಾಣಿಕಟ್ಟಾದ ದಪ್ಪ ಹರಳು ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ, ಗಂಜಿ ಪಕ್ಕದಲ್ಲಿರಲಿ, ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿಯಾಗಿ ಸುರಿದು ಕದಡಬೇಕು.