ಆಟಿಕೆಗೆ ಪೇಟೆಂಟ್: ಅದು ಕಾಯುವುದು ಯಾವ ಭಾಗವನ್ನು?

ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ಕಿನ ಲೆಗೊ ಇಟ್ಟಿಗೆಯೊಂದನ್ನು ಮಗುಚಿ ಅದರ ಅಡಿಭಾಗ ನೋಡಿ. ಮೇಲೆ ಎರಡು ಸಾಲಿನಲ್ಲಿ ಎಂಟು ಗುಬ್ಬಿಗಳು, ಅಂದರೆ ದುಂಡನೆಯ ಪುಟ್ಟ ಉಬ್ಬುಗಳು, ಇದ್ದರೆ ಕೆಳಗೆ ಟೊಳ್ಳಿನಲ್ಲಿ ಮೂರು ಕೊಳವೆಗಳಿರುತ್ತವೆ. 1958ರ ಜನವರಿ 28ರಂದು ಡೆನ್ಮಾರ್ಕಿನಲ್ಲಿ ಲೆಗೊ ಕಂಪನಿಯ ಗಾಟ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯನ್‌ಸನ್ ಪೇಟೆಂಟ್ ಅರ್ಜಿ ಸಲ್ಲಿಸಿದ್ದು ಈ ಹಿಡಿತದ ರಚನೆಗೆ. ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಇಟ್ಟಿಗೆ ಆಗ ಹೊಸದೇನೂ ಆಗಿರಲಿಲ್ಲ. ಬ್ರಿಟನ್ನಿನ ಹಿಲರಿ ಪೇಜ್ ಅಂಥದ್ದನ್ನು ಮೊದಲೇ ಮಾಡಿದ್ದರು, ಲೆಗೊ ಕಂಪನಿಯೂ 1949ರಿಂದ ಮಾರುತ್ತಿತ್ತು. ಆದರೆ ಆ ಇಟ್ಟಿಗೆಗಳ ಒಳಭಾಗ ಬರೀ ಟೊಳ್ಳು. ಗುಬ್ಬಿಗೆ ಹೊರಗೋಡೆಯ ಆಸರೆ ಬಿಟ್ಟರೆ ಬೇರೇನೂ ಇರಲಿಲ್ಲ. ಕಟ್ಟಿದ್ದನ್ನು ಎತ್ತಿದರೆ ಕಳಚಿಕೊಳ್ಳುತ್ತಿತ್ತು.

ಕೊಳವೆ ಮಾಡಿದ ಕೆಲಸವನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಗುಬ್ಬಿಯ ನಡುವಿನಿಂದ ಪಕ್ಕದ ಗುಬ್ಬಿಯ ನಡುವಿಗೆ 8 ಮಿ.ಮೀ., ಗುಬ್ಬಿಯ ವ್ಯಾಸ 4.8 ಮಿ.ಮೀ. ನಾಲ್ಕು ಗುಬ್ಬಿಗಳ ಚೌಕದಲ್ಲಿ ಕರ್ಣದ ಉದ್ದ 8ರ 1.414 ಪಟ್ಟು, ಅಂದರೆ 11.31 ಮಿ.ಮೀ. ಅದರಿಂದ ಒಂದು ಗುಬ್ಬಿಯ ವ್ಯಾಸ ಕಳೆದರೆ 6.51. ಹೊರವ್ಯಾಸ ಅಷ್ಟೇ ಇರುವ ಕೊಳವೆ ಆ ನಾಲ್ಕೂ ಗುಬ್ಬಿಗಳಿಗೆ ತಾಗಿ ನಿಲ್ಲುತ್ತದೆ. ಮೂಲೆಯ ಗುಬ್ಬಿಗೆ ಎರಡು ಗೋಡೆ, ಒಂದು ಕೊಳವೆ. ನಡುವಿನ ಗುಬ್ಬಿಗೆ ಒಂದು ಗೋಡೆ, ಎರಡು ಕೊಳವೆ. ಹೇಗಿದ್ದರೂ ಮೂರು ಕಡೆಯಿಂದ ಒತ್ತು. ಮೂರು ಬಿಂದುಗಳಲ್ಲಿ ಸಿಕ್ಕಿಕೊಂಡ ದುಂಡು ವಸ್ತು ಯಾವ ಕಡೆಗೂ ಜರುಗದು.

ಹೊಸ ಆಟಿಕೆ, ಹೊಸ ಮನೆಬಳಕೆಯ ಸಾಮಾನು ಮಾಡಹೊರಟವರು ಮೊದಲು ಅರಿಯಬೇಕಾದದ್ದು ಇದೇ. 'ಜೋಡಿಸುವ ಇಟ್ಟಿಗೆ' ಎಂಬ ಯೋಚನೆಗೆ ಪೇಟೆಂಟ್ ಸಿಗುವುದಿಲ್ಲ. ಜೋಡಣೆ ಸಡಿಲವಾಗುವ ತೊಂದರೆಯನ್ನು ನೀಗಿದ ನಿರ್ದಿಷ್ಟ ರಚನೆಗೆ ಸಿಗುತ್ತದೆ. ಎಸೆಯುವ ಪ್ಲಾಸ್ಟಿಕ್ ತಟ್ಟೆ ಮಾರುಕಟ್ಟೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, 1967ರಲ್ಲಿ, ಎಡ್ ಹೆಡ್ರಿಕ್ ಅವರಿಗೆ ಫ್ರಿಸ್ಬಿಯ ಮೇಲೆ ಪೇಟೆಂಟ್ ಸಿಕ್ಕಿತು. ಅದು ಸಿಕ್ಕಿದ್ದು ತಟ್ಟೆಯ ಉಬ್ಬುಮೈ ಮೇಲಿನ ವೃತ್ತಾಕಾರದ ಸಣ್ಣ ಏಣುಗಳಿಗೆ. ಮೈಮೇಲೆ ಹರಿಯುವ ಗಾಳಿಯನ್ನು ಕದಡಿ ಅವು ಹಾರಾಟವನ್ನು ಸ್ಥಿರಗೊಳಿಸುತ್ತವೆ. ನಿಮ್ಮ ವಸ್ತುವಿನಲ್ಲಿ ಇಂಥ ಭಾಗ ಯಾವುದು? ಅದನ್ನು ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ ಅರ್ಜಿಗೆ ಇನ್ನೂ ಹೊತ್ತಾಗಿಲ್ಲ.

ಬಟ್ಟೆ ಒಣಹಾಕುವ ಕ್ಲಿಪ್ಪನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎರಡು ಕಾಲು, ನಡುವೆ ಸುರುಳಿ ಸ್ಪ್ರಿಂಗ್. ಅದರ ಹಳೆಯ ರೋಗ ಎಲ್ಲರಿಗೂ ಗೊತ್ತು: ಒತ್ತುವಾಗ ಕೈ ಸ್ವಲ್ಪ ತಿರುಚಿದರೆ ಕಾಲುಗಳು ಅಡ್ಡಕ್ಕೆ ಸರಿದು, ಸ್ಪ್ರಿಂಗ್ ಹಾರಿ, ಕ್ಲಿಪ್ಪು ಮೂರು ತುಂಡಾಗುತ್ತದೆ. ಕಾಲಿನ ಒಳಮೈಯ ತೋಡು ಸುರುಳಿಯನ್ನು ಹಿಂದೆ ಮುಂದೆ ಜರುಗದಂತೆ ಹಿಡಿಯುತ್ತದೆ, ಅಡ್ಡಕ್ಕೆ ಹಿಡಿಯುವುದಿಲ್ಲ. ಸುರುಳಿಯ ಎರಡು ತುದಿಗಳ ಆಚೆಗೆ ಎರಡು ಪುಟ್ಟ ತಡೆಗೋಡೆ ಎಬ್ಬಿಸಿದರೆ ತೊಂದರೆ ತೀರುತ್ತದೆ ಎನ್ನಿ. ಇದನ್ನು ಪೇಟೆಂಟ್ ಅರ್ಜಿಯ ಕೊನೆಯಲ್ಲಿ ಬರುವ, ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ 'ಕ್ಲೇಮು' ಎಂಬ ಭಾಗದಲ್ಲಿ ಹೇಗೆ ಬರೆಯುವುದು?

ಅನುಭವವಿಲ್ಲದವರು ಕಣ್ಣೆದುರಿನ ಮಾದರಿಯನ್ನೇ ವರ್ಣಿಸುತ್ತಾರೆ: "ಪಾಲಿಪ್ರೊಪಿಲೀನ್‌ನ ಎರಡು ಕಾಲು, ಒಂದು ಸ್ಪ್ರಿಂಗ್, 2 ಮಿ.ಮೀ. ಎತ್ತರದ ಎರಡು ಚೌಕ ಗೋಡೆಗಳಿರುವ ಕ್ಲಿಪ್." ಬೇರೆಯವರು ನೈಲಾನ್‌ನಲ್ಲಿ ಮಾಡಿದರೆ, ಅಥವಾ ಗೋಡೆಯನ್ನು 3 ಮಿ.ಮೀ. ಎತ್ತರಿಸಿದರೆ, ಅವರು ನಿಮ್ಮ ಬೇಲಿಯ ಹೊರಗೆ ಉಳಿಯಬಹುದು. ಕ್ಲೇಮಿನಲ್ಲಿ ಹೇಳಿದ ಪ್ರತಿಯೊಂದು ಅಂಶವೂ, ಅಥವಾ ಅದಕ್ಕೆ ಸರಿಸಮನಾದದ್ದು, ಎದುರಾಳಿಯ ವಸ್ತುವಿನಲ್ಲಿ ಇದ್ದರೆ ಮಾತ್ರ ಉಲ್ಲಂಘನೆ. ಹಾಗಾಗಿ ಸೇರಿಸಿದ ಒಂದೊಂದು ವಿಶೇಷಣವೂ ಹಕ್ಕನ್ನು ಕಿರಿದು ಮಾಡುತ್ತದೆ. ಇನ್ನೊಂದು ಅತಿ ಎಂದರೆ "ಸ್ಪ್ರಿಂಗ್ ಜಾರದಂತೆ ತಡೆಯುವ ಸಾಧನವುಳ್ಳ ಕ್ಲಿಪ್". ಇದು ಪರಿಹಾರವನ್ನೇ ಹೇಳದೆ ಫಲವನ್ನಷ್ಟೇ ಹೇಳುತ್ತದೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಹಳೆಯ ದಾಖಲೆಯೊಂದನ್ನು ಮುಂದಿಟ್ಟು ತಳ್ಳಿಹಾಕುತ್ತಾರೆ. ಸರಿಯಾದದ್ದು ಇವೆರಡರ ನಡುವೆ ಇದೆ: ಎರಡು ಕಾಲು, ಅವನ್ನು ಮುಚ್ಚುವತ್ತ ಒತ್ತುವ ಸುರುಳಿ ಸ್ಪ್ರಿಂಗ್, ಕನಿಷ್ಠ ಒಂದು ಕಾಲಿನ ಒಳಮೈಯಿಂದ ಎದ್ದು, ಸುರುಳಿಯ ಎರಡು ತುದಿಗಳ ಹೊರಗೆ ನಿಂತು, ಅದು ತನ್ನ ಅಕ್ಷದ ದಿಕ್ಕಿನಲ್ಲಿ ಸರಿಯದಂತೆ ತಡೆಯುವ ಒಂದು ಜೋಡಿ ಗೋಡೆ. ಯಾವ ಪ್ಲಾಸ್ಟಿಕ್, ಎಷ್ಟು ಎತ್ತರ, ಎಷ್ಟು ಇಳಿಜಾರು ಇವೆಲ್ಲ ಮೊದಲ ಕ್ಲೇಮನ್ನು ಆಧರಿಸಿ ಬರುವ ಮುಂದಿನ ಅವಲಂಬಿತ ಕ್ಲೇಮುಗಳಿಗೆ ಹೋಗಲಿ. ಮೊದಲ ಕ್ಲೇಮು ಬಿದ್ದರೂ ಅವುಗಳಲ್ಲಿ ಒಂದು ಉಳಿಯಬಹುದು. ಪೇಟೆಂಟ್ ಏಜೆಂಟರಿಗೆ ಕೊಡುವ ಹಣಕ್ಕೆ ನಿಜವಾದ ಬೆಲೆ ಸಿಗುವುದು ಈ ಒಂದು ಪುಟದಲ್ಲಿ.

ಆದರೆ ಅಂಥ ಗೋಡೆ ಈ ಮೊದಲೇ ಬಂದಿಲ್ಲವೆಂದು ಹೇಗೆ ಗೊತ್ತು? ಹುಡುಕಬೇಕು. ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಎರಡೂ ಉಚಿತ. ಪದ ಹಾಕಿ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ, ಏಕೆಂದರೆ ನೀವು ಗೋಡೆ ಎಂದದ್ದನ್ನು ಇನ್ನೊಬ್ಬರು ಏಣು, ಮತ್ತೊಬ್ಬರು ಅಂಚು ಎಂದಿರುತ್ತಾರೆ. ಅಂತರರಾಷ್ಟ್ರೀಯ ವರ್ಗಸಂಕೇತ ಹಿಡಿದು ಹೋಗಿ: ಆಟಿಕೆಗಳಿಗೆ ಎ63ಎಚ್, ಅಡುಗೆಮನೆಯ ಸಲಕರಣೆಗಳಿಗೆ ಎ47ಜೆ, ಬಟ್ಟೆ ಕ್ಲಿಪ್ಪುಗಳಿಗೆ ಡಿ06ಎಫ್ 55. ಹತ್ತಿರದ್ದೊಂದು ಸಿಕ್ಕರೆ ಅದು ಉಲ್ಲೇಖಿಸಿದ ಹಳೆಯವನ್ನೂ, ಅದನ್ನು ಉಲ್ಲೇಖಿಸಿದ ಹೊಸವನ್ನೂ ತೆರೆದು ಚಿತ್ರಗಳನ್ನು ನೋಡಿ. ಅವಧಿ ಮುಗಿದ ಪೇಟೆಂಟೂ, ಎಂದೂ ಮಾರಾಟಕ್ಕೆ ಬಾರದ ವಸ್ತುವಿನ ಪೇಟೆಂಟೂ ನಿಮ್ಮ ಹೊಸತನವನ್ನು ಕೆಡಿಸುತ್ತವೆ. ಅಂಗಡಿಯಲ್ಲಿ ಕಾಣಲಿಲ್ಲ ಎಂಬುದು ಸಾಕ್ಷಿಯಲ್ಲ.

ಹೊಸತನವನ್ನು ನೀವೇ ಕೆಡಿಸಿಕೊಳ್ಳುವ ಅಪಾಯವೂ ಇದೆ, ಅದೇ ಹೆಚ್ಚು ನೋವಿನದು. ಅರ್ಜಿಗೆ ಮೊದಲು ವಿಡಿಯೊ ಹಾಕಿದರೆ, ಮೇಳದಲ್ಲಿಟ್ಟರೆ, ಮುಂಗಡ ಹಣ ಪಡೆದು ಮಾರಿದರೆ ಅದು ಬಹಿರಂಗವಾಯಿತೆಂದೇ ಲೆಕ್ಕ. ಅಮೆರಿಕ, ಜಪಾನ್‌ಗಳಲ್ಲಿ ಸಂಶೋಧಕರೇ ಬಹಿರಂಗಪಡಿಸಿದ್ದಕ್ಕೆ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಲ್ಯಾರಿ ನಿಕೋಲ್ಸ್ ಎಂಬವರ ಪ್ರಕರಣ ಇಲ್ಲಿ ಪಾಠವಾಗಬಲ್ಲದು. ಎಂಟು ತುಂಡುಗಳನ್ನು ಆಯಸ್ಕಾಂತದಿಂದ ಹಿಡಿದಿಟ್ಟು ತಿರುಗಿಸುವ ಘನದ ಒಗಟಿಗೆ ಅವರಿಗೆ 1972ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಎರ್ನೋ ರೂಬಿಕ್ ಹಂಗೇರಿಯಲ್ಲಿ ತಮ್ಮ 3×3×3 ಘನಕ್ಕೆ ಅರ್ಜಿ ಹಾಕಿದ್ದು 1975ರಲ್ಲಿ. ಮುಂದೆ ಅಮೆರಿಕದಲ್ಲಿ ವ್ಯಾಜ್ಯ ಎದ್ದಾಗ, ನಿಕೋಲ್ಸ್ ಅರ್ಜಿಗೆ ಬಹಳ ಮೊದಲೇ ಕಾಗದದ ಮಾದರಿಯನ್ನು ಗೆಳೆಯರಿಗೆ ತೋರಿಸಿದ್ದರು, ಆದ್ದರಿಂದ ಪೇಟೆಂಟೇ ಅಸಿಂಧು ಎಂಬ ವಾದ ಬಂತು. ಆಪ್ತರಿಗಷ್ಟೇ ತೋರಿಸಿ, ಬಳಕೆಯ ಮೇಲೆ ಹಿಡಿತ ಇಟ್ಟುಕೊಂಡಿದ್ದರಿಂದ ಅದು ಸಾರ್ವಜನಿಕ ಬಳಕೆಯಲ್ಲ ಎಂದು 1986ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2×2×2 ಘನ ಉಲ್ಲಂಘನೆ ಎಂಬುದು ನಿಂತಿತು. 3×3×3ರ ಮೇಲಿನ ತೀರ್ಪು ನಿಲ್ಲಲಿಲ್ಲ. ಇಂಥ ಪ್ರಶ್ನೆಗೆ ಉತ್ತರ ಪಡೆಯಲು ವರ್ಷಗಟ್ಟಲೆ ನ್ಯಾಯಾಲಯ ಸುತ್ತುವುದಕ್ಕಿಂತ, ತೋರಿಸುವ ಮೊದಲು ಗೋಪ್ಯತಾ ಒಪ್ಪಂದಕ್ಕೆ ಸಹಿ ಪಡೆಯುವುದು ಎಷ್ಟೋ ಅಗ್ಗ.

ಬೇಗ ಅರ್ಜಿ ಹಾಕಬೇಕು, ಆದರೆ ಅಪಕ್ವವಾದದ್ದನ್ನು ಹಾಕಬಾರದು. ಸಲ್ಲಿಸಿದ ಮೇಲೆ ಹೊಸ ವಿಷಯ ಸೇರಿಸಲು ಬಿಡುವುದಿಲ್ಲ. ಈ ಇಕ್ಕಟ್ಟಿಗೆ ಹಲವು ದೇಶಗಳಲ್ಲಿ ತಾತ್ಕಾಲಿಕ ಅರ್ಜಿಯ ದಾರಿಯಿದೆ: ಅಂದಿನ ದಿನಾಂಕ ನಿಮ್ಮದಾಗುತ್ತದೆ, 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಬೇಕು. ತಾತ್ಕಾಲಿಕ ಅರ್ಜಿಯಲ್ಲಿ ಬರೆಯದ ಅಂಶಕ್ಕೆ ಆ ದಿನಾಂಕ ಸಿಗುವುದಿಲ್ಲ. ಹಾಗಾಗಿ ಎರಡು ಸಾಲು ಗೀಚಿ ಕೊಟ್ಟರೆ ಏನೂ ಕೊಡದಂತೆಯೇ. ಹೊರದೇಶಗಳಲ್ಲಿ ಅರ್ಜಿ ಹಾಕಲೂ 1883ರ ಪ್ಯಾರಿಸ್ ಒಪ್ಪಂದದಂತೆ ಅದೇ 12 ತಿಂಗಳು. ಪಿಸಿಟಿ ಎಂಬ ಅಂತರರಾಷ್ಟ್ರೀಯ ಪೇಟೆಂಟ್ ಸಹಕಾರ ಒಪ್ಪಂದದ ಮೂಲಕ ಹೋದರೆ ಹೆಚ್ಚಿನ ದೇಶಗಳಲ್ಲಿ ಖರ್ಚಿನ ದೊಡ್ಡ ಪಾಲನ್ನು ಮೊದಲ ದಿನಾಂಕದಿಂದ 30 ತಿಂಗಳವರೆಗೆ ಮುಂದೂಡಬಹುದು. ಅಷ್ಟರಲ್ಲಿ ವಸ್ತುವಿಗೆ ಗಿರಾಕಿ ಇದೆಯೋ ಇಲ್ಲವೋ ತಿಳಿಯುತ್ತದೆ.

ಆ ತಿಂಗಳುಗಳು ಮಾದರಿಯನ್ನು ಕಾಡಿಸಿ ನೋಡಲು. 3ಡಿ ಪ್ರಿಂಟರಿನಿಂದ ಬಂದ ಕ್ಲಿಪ್ಪು ಆಕಾರ ತೋರಿಸುತ್ತದೆ, ಬಾಳಿಕೆ ತೋರಿಸುವುದಿಲ್ಲ. ಪದರಗಳ ನಡುವೆ ಅದು ಸುಲಭವಾಗಿ ಸೀಳುತ್ತದೆ. ಪಿಎಲ್ಎ ಪ್ಲಾಸ್ಟಿಕ್ ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಅಚ್ಚಿನಲ್ಲಿ ಎರಕವಾಗುವ ಪಾಲಿಪ್ರೊಪಿಲೀನ್‌ನ ತೊಂದರೆಗಳೇ ಬೇರೆ. ತಣಿಯುವಾಗ ಅದು ಶೇ. 1ರಿಂದ 2.5ರವರೆಗೆ ಕುಗ್ಗುತ್ತದೆ, ಲೆಗೊ ಇಟ್ಟಿಗೆಯ ಪ್ಲಾಸ್ಟಿಕ್ಕಾದ ಎಬಿಎಸ್ ಕುಗ್ಗುವುದು ಶೇ. 0.5ರ ಆಸುಪಾಸು. 80 ಮಿ.ಮೀ. ಉದ್ದದ ಪಾಲಿಪ್ರೊಪಿಲೀನ್ ಕಾಲು 2 ಮಿ.ಮೀ.ವರೆಗೆ ಕುಗ್ಗಬಹುದು. ಅಚ್ಚು ಅಷ್ಟು ದೊಡ್ಡದಿರಬೇಕು, ಅಚ್ಚು ಮಾಡಿದ ಮೇಲೆ ಪ್ಲಾಸ್ಟಿಕ್ ಬದಲಿಸಹೋಗಬಾರದು. ತಡೆಗೋಡೆಯ ದಪ್ಪ ಕಾಲಿನ ದಪ್ಪದ ಶೇ. 50–60 ಮೀರಿದರೆ, ಬುಡದಲ್ಲಿ ಸೇರಿದ ಪ್ಲಾಸ್ಟಿಕ್ ನಿಧಾನವಾಗಿ ತಣಿದು ಹೊರಮೈಯಲ್ಲಿ ಕುಳಿ ಬೀಳುತ್ತದೆ. ನೆಟ್ಟಗಿನ ಮೈಗಳಿಗೆ 1 ಡಿಗ್ರಿಯಾದರೂ ಓರೆ ಇಲ್ಲದಿದ್ದರೆ ವಸ್ತು ಅಚ್ಚಿನಿಂದ ಕಿತ್ತುಬರದೆ ಗೀರುಬೀಳುತ್ತದೆ. ಒಳಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರು.

ಕ್ಲಿಪ್ಪಿನ ಸ್ಪ್ರಿಂಗ್ ಸುಮ್ಮನಿದ್ದಾಗಲೂ ಕಾಲುಗಳನ್ನು ಒತ್ತುತ್ತಲೇ ಇರುತ್ತದೆ. ಸತತ ಭಾರಕ್ಕೆ ಪ್ಲಾಸ್ಟಿಕ್ ನಿಧಾನವಾಗಿ ಬಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಮೇಲೆ ಬಿಸಿಲು ಬೇರೆ: ನೇರಳಾತೀತ ಕಿರಣ ಪಾಲಿಪ್ರೊಪಿಲೀನ್‌ನ ಉದ್ದನೆಯ ಸರಪಳಿಗಳನ್ನು ಕಡಿಯುತ್ತದೆ. ಬಣ್ಣ ಮಾಸಿ, ಮೈ ಸುಣ್ಣದಂತಾಗಿ, ಒಂದು ದಿನ ಪಟ್ಟನೆ ಮುರಿಯುತ್ತದೆ. ಯುವಿ ತಡೆಯುವ ಸೇರ್ಪಡೆ ಹಾಕದೆ ಮಾಡಿದ ಕ್ಲಿಪ್ಪು ಬಿಸಿಲಿನ ಕೆಲಸಕ್ಕೆ ಬಾರದು. ಲೆಗೊ ಕೂಡ ಮೊದಲು ಬಳಸುತ್ತಿದ್ದ ಸೆಲ್ಯುಲೋಸ್ ಅಸಿಟೇಟನ್ನು ಬಿಟ್ಟು 1963ರ ಹೊತ್ತಿಗೆ ಎಬಿಎಸ್‌ಗೆ ಬಂತು, ಹಳೆಯದು ಕಾಲ ಕಳೆದಂತೆ ಸೊಟ್ಟಗಾಗುತ್ತಿತ್ತು.

ಆಟಿಕೆಯಾದರೆ ಇದೆಲ್ಲದರ ಜೊತೆಗೆ ಸುರಕ್ಷತೆಯ ಪರೀಕ್ಷೆ ಇದೆ. ಅದನ್ನು ಕೊನೆಗಿಟ್ಟರೆ ಅಚ್ಚನ್ನೇ ಎಸೆಯಬೇಕಾಗಬಹುದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ತುಂಡೂ, ಬಿದ್ದು ಒಡೆದ ಚೂರು ಕೂಡ, 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯಲ್ಲಿ ಪೂರ್ತಿ ಇಳಿಯುವಂತಿರಬಾರದು. ಈ ಕೊಳವೆಯ ತಳ ಓರೆ, ಆಳ 25.4ರಿಂದ 57.1 ಮಿ.ಮೀ. ಮಗುವಿನ ಗಂಟಲಿನ ಅಳತೆಯನ್ನು ಅನುಕರಿಸಿ ಮಾಡಿದ್ದದು. ಯುರೋಪಿನ ಇಎನ್ 71 ಮಾನದಂಡದಲ್ಲಿ ಕಿತ್ತುಬರಬಹುದಾದ, 6 ಮಿ.ಮೀ.ಗಿಂತ ದೊಡ್ಡ ಭಾಗವನ್ನು 90 ನ್ಯೂಟನ್ ಬಲದಿಂದ, ಅಂದರೆ ಸುಮಾರು 9 ಕೆ.ಜಿ. ತೂಕ ತೂಗುಹಾಕಿದಷ್ಟು, ಎಳೆದು ನೋಡುತ್ತಾರೆ. ಅಂಟು ಹಾಕಿ ಕೂರಿಸಿದ ಗೊಂಬೆಯ ಕಣ್ಣು ಇಲ್ಲಿ ಬಿದ್ದುಹೋಗುವ ಸಾಧ್ಯತೆ ಹೆಚ್ಚು. ಪುಟ್ಟ ಪ್ರಬಲ ಆಯಸ್ಕಾಂತಗಳ ವಿಷಯದಲ್ಲಂತೂ ರಾಜಿಯೇ ಬೇಡ: ಎರಡನ್ನು ನುಂಗಿದರೆ ಕರುಳಿನ ಎರಡು ಮಡಿಕೆಗಳ ಆಚೀಚೆಯಿಂದ ಅವು ಪರಸ್ಪರ ಸೆಳೆದು, ನಡುವಿನ ಗೋಡೆಯನ್ನು ತೂತು ಮಾಡುತ್ತವೆ. ಬಟನ್ ಬ್ಯಾಟರಿಯ ಮುಚ್ಚಳ ಮಗುವಿನ ಕೈಗೆ ತೆರೆಯದಂತೆ, ಸ್ಕ್ರೂವಿನಂಥದ್ದರಿಂದ ಭದ್ರವಾಗಿರಲೇಬೇಕು.

ಪೇಟೆಂಟ್ ಒಂದೇ ಹಕ್ಕಲ್ಲ. ಕೆಲಸ ಮಾಡುವ ರೀತಿಗೆ ಪೇಟೆಂಟ್, ಕಣ್ಣಿಗೆ ಕಾಣುವ ರೂಪಕ್ಕೆ ವಿನ್ಯಾಸ ನೋಂದಣಿ, ಹೆಸರಿಗೆ ಟ್ರೇಡ್‌ಮಾರ್ಕ್. ಬೋರ್ಡ್ ಆಟದ ಬರೀ ನಿಯಮಗಳಿಗೆ ಹಲವು ಕಡೆ ಪೇಟೆಂಟೇ ಸಿಗದು, ಹಲಗೆಯ ಚಿತ್ರಕ್ಕೂ ನಿಯಮದ ಬರಹಕ್ಕೂ ಕೃತಿಸ್ವಾಮ್ಯ ಇರುತ್ತದೆ. ಪೇಟೆಂಟ್ ಅರ್ಜಿಯ ದಿನದಿಂದ 20 ವರ್ಷಕ್ಕೆ ಮುಗಿಯುತ್ತದೆ, ಟ್ರೇಡ್‌ಮಾರ್ಕನ್ನು ನವೀಕರಿಸುತ್ತಲೇ ಹೋಗಬಹುದು. ಹಾಗಾಗಿ ಪೇಟೆಂಟ್ ಮುಗಿದ ಆಕಾರವನ್ನು ಟ್ರೇಡ್‌ಮಾರ್ಕಾಗಿ ಉಳಿಸಿಕೊಳ್ಳುವ ಯತ್ನಗಳು ನಡೆದಿವೆ. ಲೆಗೊ ಇಟ್ಟಿಗೆಯ ಆಕಾರಕ್ಕೆ ಯುರೋಪಿನ ನ್ಯಾಯಾಲಯ 2010ರಲ್ಲಿ ಅದನ್ನು ನಿರಾಕರಿಸಿತು. ರೂಬಿಕ್ ಘನದ ಆಕಾರದ ವಿಷಯದಲ್ಲೂ 2016ರಲ್ಲಿ ಅದೇ ನಿಲುವು ತಳೆಯಿತು. ತಾಂತ್ರಿಕ ಕೆಲಸಕ್ಕೆ ಬೇಕಾದ ಆಕಾರವನ್ನು ಒಬ್ಬರೇ ಶಾಶ್ವತವಾಗಿ ಕಟ್ಟಿಹಾಕುವಂತಿಲ್ಲ ಎಂಬ ಈ ತತ್ತ್ವ ನ್ಯಾಯವಾದದ್ದೇ.

ಇನ್ನು ಮಾರುವ ಮಾತು. ನೀವೇ ತಯಾರಿಸುವುದಾದರೆ ಉಕ್ಕಿನ ಅಚ್ಚು ಮೊದಲ ದೊಡ್ಡ ಖರ್ಚು. ಪಕ್ಕದಲ್ಲೊಂದು ತೂತು ಬೇಕೆಂದರೂ ಅಚ್ಚಿನಲ್ಲಿ ಸರಿದಾಡುವ ಭಾಗ ಬೇಕಾಗಿ ಬೆಲೆ ಏರುತ್ತದೆ. ಪರವಾನಗಿ ಕೊಡುವುದಾದರೆ ಕಂಪನಿಗೆ ಪೂರ್ತಿ ಬರೆದುಕೊಡುವ ಆತುರ ಬೇಡ. ಸೇಫ್ಟಿ ಪಿನ್ ರೂಪಿಸಿದ ವಾಲ್ಟರ್ ಹಂಟ್ 1849ರಲ್ಲಿ ಅದರ ಪೇಟೆಂಟನ್ನು 400 ಡಾಲರಿಗೆ ಮಾರಿಬಿಟ್ಟರು, ಮುಂದಿನ ಲಾಭವೆಲ್ಲ ಕೊಂಡವರದಾಯಿತು. 'ನಿಮ್ಮ ಆವಿಷ್ಕಾರವನ್ನು ನಾವು ಮಾರಿಸಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ' ಎನ್ನುವವರಿಂದ ದೂರವಿರಿ. ನಿಜವಾಗಿ ನಂಬಿಕೆ ಇರುವ ಮಧ್ಯವರ್ತಿ ರಾಯಲ್ಟಿಯಲ್ಲಿ ಪಾಲು ಕೇಳುತ್ತಾನೆ. ಒಪ್ಪಂದದಲ್ಲಿ ರಾಯಲ್ಟಿ ನಿವ್ವಳ ಮಾರಾಟದ ಮೇಲೋ ಲಾಭದ ಮೇಲೋ ಎಂಬುದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಲಾಭ ಎಂದರೆ ಖರ್ಚು ತೋರಿಸಿ ಅದನ್ನು ಸೊನ್ನೆಗಿಳಿಸಬಹುದು. ವರ್ಷಕ್ಕೆ ಇಂತಿಷ್ಟು ಕನಿಷ್ಠ ಮೊತ್ತ, ಲೆಕ್ಕಪುಸ್ತಕ ನೋಡುವ ಅಧಿಕಾರ, ನಿಗದಿತ ಅವಧಿಯೊಳಗೆ ವಸ್ತು ಮಾರುಕಟ್ಟೆಗೆ ಬಾರದಿದ್ದರೆ ಹಕ್ಕು ನಿಮಗೇ ಮರಳುವ ಷರತ್ತು, ಈ ಮೂರೂ ಇರಲಿ. ಕೊನೆಯ ಷರತ್ತಿಲ್ಲದಿದ್ದರೆ ಕಂಪನಿ ನಿಮ್ಮ ಪೇಟೆಂಟನ್ನು ಕಪಾಟಿನಲ್ಲಿಟ್ಟು, ತನ್ನ ಹಳೆಯ ಮಾಲನ್ನೇ ಮಾರುತ್ತ ಕೂರಬಹುದು.