ಕೊಗನೊಳ್ಳಿ ನಾಕಾ, ಉಪಚುನಾವಣೆ, ಎರಡನೇ ಅಲೆ

ಬೆಳಗಾವಿಯಲ್ಲಿ ಕೋವಿಡ್ ಮಾತು ಬಂದರೆ ಇಂದಿಗೂ ವಾದ ಏಳುತ್ತದೆ. 2021ರ ಬೇಸಿಗೆಯ ಸಾವುನೋವು ಸರ್ಕಾರದ ತಪ್ಪೋ, ವೈರಾಣುವಿನ ಆಟವೋ? ನನ್ನ ಮಟ್ಟಿಗೆ, ಅಲೆಯನ್ನು ಸರ್ಕಾರ ಹುಟ್ಟಿಸಲಿಲ್ಲ. ಆದರೆ ಅದು ಯಾವ ಊರಿಗೆ, ಯಾವಾಗ ಬಂತು ಎಂಬುದರಲ್ಲಿ ಆದೇಶಗಳ ಪಾಲು ದೊಡ್ಡದು.

2020ರ ಏಪ್ರಿಲ್‌ನಲ್ಲಿ ಜಿಲ್ಲೆಯ ಸೋಂಕು ಹೆಚ್ಚಾಗಿ ಹಿರೇಬಾಗೇವಾಡಿ, ಕುಡಚಿಯಂಥ ಕೆಲವೇ ಊರುಗಳಲ್ಲಿತ್ತು. ಮುಂಬೈ, ಪುಣೆಗೆ ದುಡಿಯಲು ಹೋದ ನಮ್ಮ ಜನರನ್ನು ಮಾರ್ಚ್ 25ರ ಲಾಕ್‌ಡೌನ್ ಅಲ್ಲಲ್ಲೇ ಕಟ್ಟಿಹಾಕಿತ್ತು. ಆಗ ಮುಂಬೈಯಲ್ಲಿ ಸೋಂಕು ಇನ್ನೂ ಕಡಿಮೆ. ಊರಿಗೆ ಬರಲು ಪಾಸ್ ಸಿಕ್ಕಿದ್ದು ಮೇ ತಿಂಗಳಲ್ಲಿ, ಅಲ್ಲಿನ ಚಾಳುಗಳಲ್ಲಿ ರೋಗ ಹಬ್ಬಿದ ಮೇಲೆ. ಬಂದವರು ಊರ ಶಾಲೆಗಳಲ್ಲಿ ಕ್ವಾರಂಟೈನ್ ಆದರು, ದಿನದ ಬುಲೆಟಿನ್ ಉದ್ದವಾಯಿತು. ಮೇ 18ಕ್ಕೆ ಮಹಾರಾಷ್ಟ್ರದವರಿಗೆ ಬಾಗಿಲು ಮತ್ತೆ ಮುಚ್ಚಿತು. ಕೂಲಿಯವರೇ ರೋಗ ತಂದರು ಎಂದು ಆಗ ಬೈದವರಿಗೆ ಈ ತಾರೀಖುಗಳನ್ನು ತೋರಿಸಬೇಕು.

ಬೆಳಗಾವಿ ಸಂಸದ ಸುರೇಶ ಅಂಗಡಿ 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದಲೇ ತೀರಿಕೊಂಡರು. ತೆರವಾದ ಕ್ಷೇತ್ರಕ್ಕೆ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು. ಮತಗಟ್ಟೆ ಬಾಗಿಲಲ್ಲಿ ಜ್ವರ ನೋಡಿ, ಕೈಗೆ ಪ್ಲಾಸ್ಟಿಕ್ ಗ್ಲೌಸ್ ಕೊಟ್ಟು ಒಳಗೆ ಬಿಡುವ ನಿಯಮವಿತ್ತು. ಗುಂಡಿ ಒತ್ತುವ ಆ ಎರಡು ನಿಮಿಷಕ್ಕೆ ಇಷ್ಟು ಕಾಳಜಿ. ಅದಕ್ಕೂ ಮುಂಚಿನ ವಾರಗಳ ಪ್ರಚಾರದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ಜನರ ಬಗ್ಗೆ ಅದರ ಕಾಲುಭಾಗವೂ ಇರಲಿಲ್ಲ.

ಹಾಗಂತ ಎಲ್ಲವನ್ನೂ ಚುನಾವಣೆಯ ತಲೆಗೆ ಕಟ್ಟಲಾಗದು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ ಬಂದವು. ಅದರಲ್ಲಿ ಬೆಂಗಳೂರಿನದೇ ಸಿಂಹಪಾಲು, ಅಲ್ಲಿ ಚುನಾವಣೆಯೇ ಇರಲಿಲ್ಲ. ಜೂನ್ 14ರಂದು ನಿರ್ಬಂಧ ಸಡಿಲವಾದಾಗ, ಸೋಂಕು ಇನ್ನೂ ಹೆಚ್ಚಿದ್ದ 11 ಜಿಲ್ಲೆಗಳನ್ನು ಅದರಿಂದ ಹೊರಗಿಟ್ಟರು. ಆ ಪಟ್ಟಿಯಲ್ಲಿ ಬೆಳಗಾವಿ ಇತ್ತು, ಪಕ್ಕದ ಬಾಗಲಕೋಟೆ, ವಿಜಯಪುರ ಇರಲಿಲ್ಲ. ಚುನಾವಣೆಯ ಫಲ ಅನ್ನೋಣವೆಂದರೆ ಅದೇ ಪಟ್ಟಿಯಲ್ಲಿ ಹಾಸನ, ಕೊಡಗು ಇದ್ದವು. ಏಪ್ರಿಲ್ 17ರಂದೇ ಉಪಚುನಾವಣೆಯ ಮತದಾನವಾಗಿದ್ದ ಬಸವಕಲ್ಯಾಣ, ಮಸ್ಕಿಗಳ ಜಿಲ್ಲೆಗಳಾದ ಬೀದರ್, ರಾಯಚೂರು ಇರಲಿಲ್ಲ. ಗಡಿಯಿಂದ ಬಂತು ಅನ್ನೋಣವೆಂದರೆ ವಿಜಯಪುರಕ್ಕೂ ಮಹಾರಾಷ್ಟ್ರದ ಗಡಿಯಿದೆ.

ಗಡಿಯ ಕಾವಲೂ ಅಷ್ಟಕ್ಕಷ್ಟೇ. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ನಾಕಾದಲ್ಲಿ ಪೊಲೀಸರು ಬಸ್ ಹತ್ತಿ, 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕೇಳುತ್ತಿದ್ದರು. ಹೆದ್ದಾರಿ ಬಿಟ್ಟು ಕಬ್ಬಿನ ಹೊಲದ ದಾರಿ ಹಿಡಿದ ಬೈಕಿಗೆ ಕೇಳುವವರಾರು? ನಮ್ಮ ಬೀಗರು ಗಡಿಯ ಆಚೆ ಇದ್ದಾರೆ. ಕಾಗವಾಡ, ಅಥಣಿಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಹಾರಾಷ್ಟ್ರದ ಮಿರಜ್.

ಇನ್ನೊಂದು ತೊಡಕು ದಿನಗಳದ್ದು. ಸೋಂಕು ತಗುಲಿ, ಜ್ವರ ಬಂದು, ವರದಿ ಕೈಸೇರುವ ಹೊತ್ತಿಗೆ ಒಂದೆರಡು ವಾರ ಕಳೆದಿರುತ್ತದೆ. 2021ರ ಏಪ್ರಿಲ್ 27ರಂದು ರಾಜ್ಯದಲ್ಲಿ ಜಾರಿಯಾದ ಕರ್ಫ್ಯೂವಿನ ಫಲ ಕಾಣಬೇಕಾದದ್ದು ಮೇ ತಿಂಗಳಲ್ಲಿ. ‘ಲಾಕ್‌ಡೌನ್ ಮಾಡಿದರೂ ಏರುತ್ತಲೇ ಇದೆ’ ಎಂದು ನಾವು ಸಿಟ್ಟಾದದ್ದು ಹಳೆಯ ಲೆಕ್ಕ ನೋಡಿ. ಆದೇಶ ಇದ್ದಾಗಲೂ ಜನ ಸೇರಿದ್ದುಂಟು: ಮೇ ತಿಂಗಳ ಲಾಕ್‌ಡೌನಿನಲ್ಲೇ ಗೋಕಾಕ ತಾಲ್ಲೂಕಿನ ಮರಡಿಮಠದಲ್ಲಿ ಮಠದ ಕುದುರೆಯ ಅಂತ್ಯಕ್ರಿಯೆಗೆ ನೂರಾರು ಮಂದಿ ನೆರೆದರು. ಆಮೇಲೆ ಇಡೀ ಊರನ್ನು ಸೀಲ್ ಮಾಡಿದರು.

ಈ ಎಲ್ಲ ವಾದ ನಿಂತಿರುವುದು ಪರೀಕ್ಷೆಯಾದವರ ಲೆಕ್ಕದ ಮೇಲೆ. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳದೆ, ಹಳ್ಳಿಯ ಪಡಸಾಲೆಯಲ್ಲೇ ಉಸಿರು ಬಿಟ್ಟವರು ಯಾವ ಕಡೆಯ ವಾದಕ್ಕೂ ಸಿಗಲಿಲ್ಲ.