ರಕ್ತ ನಿಂತಿದೆಯಲ್ಲ, ಇನ್ನೇಕೆ ಕ್ಯಾಮೆರಾ ಹಾಕಿ ನೋಡುವುದು?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ, ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ರೈಟರು. ಹೋದ ತಿಂಗಳು ಎರಡು ದಿನ ಮೂತ್ರ ಕೆಂಪಗೆ ಹೋಯಿತು. ನೋವು, ಉರಿ ಏನೂ ಇರಲಿಲ್ಲ. ಮಾತ್ರೆ ತಗೊಂಡ ಮೇಲೆ ನಿಂತಿದೆ. ಸ್ಕ್ಯಾನಿಂಗ್ ನಾರ್ಮಲ್. ಆದರೂ ಹಾಸನದ ಡಾಕ್ಟರು ಸಿಸ್ಟೋಸ್ಕೋಪಿ ಆಗಲೇಬೇಕು ಅನ್ನುತ್ತಾರೆ. ಅಪ್ಪ ಒಪ್ಪುತ್ತಿಲ್ಲ. ನಿಜವಾಗಿ ಬೇಕಾ ಸರ್?

ಉತ್ತರ: ಬೇಕು. ಕುಯ್ಲು ಮುಗಿಯಲಿ ಎಂದು ಮುಂದೂಡುವುದೂ ಬೇಡ.

ಸಕಲೇಶಪುರದವರಿರಲಿ, ಅರಸೀಕೆರೆಯವರಿರಲಿ, ನನ್ನ ಮುಂದೆ ಕೂತು ಹೇಳುವುದು ಹೆಚ್ಚುಕಡಿಮೆ ಇದನ್ನೇ: ‘ಮೈ ಉಷ್ಣ ಆಗಿತ್ತು ಡಾಕ್ಟ್ರೇ, ಎಳನೀರು ಕುಡಿದೆ, ಸರಿಹೋಯ್ತು.’ ಸರಿಹೋದದ್ದು ಬಣ್ಣ ಮಾತ್ರ. ಮೂತ್ರಕೋಶದ ಗಡ್ಡೆಯಿಂದ ರಕ್ತ ಬರುವ ರೀತಿಯೇ ಹಾಗೆ. ಒಂದು ಬೆಳಿಗ್ಗೆ ಓಕುಳಿ ನೀರಿನ ಹಾಗೆ ಹೋಗುತ್ತದೆ, ಔಷಧಿ ಇಲ್ಲದೆಯೂ ನಿಲ್ಲುತ್ತದೆ, ತಿಂಗಳುಗಟ್ಟಲೆ ಸುಳಿವೇ ಇರುವುದಿಲ್ಲ. ಸೋಂಕು, ಕಲ್ಲು, ಪ್ರಾಸ್ಟೇಟ್ ಊತದಿಂದಲೂ ರಕ್ತ ಬರುತ್ತದೆ, ಎಷ್ಟೋ ಜನರಲ್ಲಿ ಕಾರಣ ಅದೇ. ಆದರೆ ಈ ವಯಸ್ಸಿನಲ್ಲಿ ನೋವಿಲ್ಲದೆ ಬಂದ ರಕ್ತಕ್ಕೆ ಕಾರಣ ಹುಡುಕದೆ ಬಿಡಬಾರದು. ಅಪ್ಪ ಬೀಡಿ, ಸಿಗರೇಟು ಸೇದುತ್ತಿದ್ದರೆ ಇನ್ನೂ ಬಿಡಬಾರದು. ಹೊಗೆಯ ವಿಷ ಕಿಡ್ನಿಯಲ್ಲಿ ಸೋಸಿ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಮೂತ್ರಕೋಶದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ಅದೇ. ಹೆಂಗಸರ ವಿಷಯದಲ್ಲಿ ನನಗೆ ಹೆಚ್ಚು ಸಂಕಟ. ಉರಿಮೂತ್ರ ಎಂದೋ ಮುಟ್ಟಿನ ರಕ್ತ ಎಂದೋ ತಿಳಿದು ಕೋರ್ಸಿನ ಮೇಲೆ ಕೋರ್ಸು ಮಾತ್ರೆ ನುಂಗಿ, ತಡವಾಗಿ ಬರುತ್ತಾರೆ.

ಸ್ಕ್ಯಾನಿಂಗಿನಲ್ಲಿ ಚಿಕ್ಕ ಗಡ್ಡೆ ತಪ್ಪಿಹೋಗಬಹುದು, ಚಪ್ಪಟೆಯಾಗಿ ಹರಡಿದ್ದಂತೂ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಸಿಸ್ಟೋಸ್ಕೋಪಿಯಲ್ಲಿ ಗಡ್ಡೆ ಅಡಗಿಕೊಳ್ಳಲು ಜಾಗ ಕಡಿಮೆ. ಮರಗಟ್ಟಿಸುವ ಜೆಲ್ಲಿ ಹಾಕಿ, ಮೂತ್ರ ಬರುವ ದಾರಿಯಲ್ಲೇ ಕ್ಯಾಮೆರಾ ಇರುವ ಸಣ್ಣ ನಳಿಕೆ ಬಿಡುತ್ತಾರೆ, ಕೆಲವೇ ನಿಮಿಷದ ಕೆಲಸ. ಗಡ್ಡೆ ಇದ್ದರೆ ಪರದೆಯ ಮೇಲೆ, ಹಳ್ಳದ ನೀರಿನಲ್ಲಿ ತೂಗುವ ಪಾಚಿಯ ಎಳೆಗಳ ಹಾಗೆ ಅಲ್ಲಾಡುತ್ತಿರುತ್ತದೆ. ಅಪ್ಪನಿಗೆ ಭಯವಿದ್ದರೆ ಇಷ್ಟು ಹೇಳಿ: ಒಂದೆರಡು ದಿನ ಒಂದಕ್ಕೆ ಹೋಗುವಾಗ ಉರಿ ಇರುತ್ತದೆ, ಅಷ್ಟೇ.

ಒಂದು ವೇಳೆ ಗಡ್ಡೆ ಕಂಡರೆ? ಹೊಟ್ಟೆ ಕುಯ್ಯದೆ, ಅದೇ ದಾರಿಯಲ್ಲಿ ಉಪಕರಣ ಬಿಟ್ಟು ಕೆರೆದು ತೆಗೆಯುತ್ತಾರೆ. ಇದಕ್ಕೆ ಟಿಯುಆರ್‌ಬಿಟಿ ಎಂದು ಹೆಸರು. ಇದು ಚಿಕಿತ್ಸೆಯೂ ಹೌದು, ರೋಗ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುವ ಪರೀಕ್ಷೆಯೂ ಹೌದು. ನಮ್ಮ ಮಲೆನಾಡಿನ ಗೋಡೆಗೆ ಮಳೆಗಾಲದಲ್ಲಿ ಪಾಚಿ ಹಿಡಿಯುವುದನ್ನು ನೆನೆಸಿಕೊಳ್ಳಿ. ಸುಣ್ಣದ, ಅಂದರೆ ಒಳಪದರದ ಮೇಲಷ್ಟೇ ಇದ್ದರೆ ರಿಪೋರ್ಟಿನಲ್ಲಿ ಟಿಎ ಎಂದು ಬರೆಯುತ್ತಾರೆ. ಗಾರೆಗೆ, ಅಂದರೆ ಅದರ ಕೆಳಗಿನ ಪದರಕ್ಕೆ ಇಳಿದಿದ್ದರೆ ಟಿ1. ಇಟ್ಟಿಗೆಗೇ, ಅಂದರೆ ಮೂತ್ರಕೋಶದ ಸ್ನಾಯುವಿಗೇ ಹೊಕ್ಕಿದ್ದರೆ ಟಿ2. ಆಗ ಚಿಕಿತ್ಸೆಯ ದಾರಿಯೇ ಬೇರೆ, ಎಷ್ಟೋ ಸಲ ಮೂತ್ರಕೋಶವನ್ನೇ ತೆಗೆಯುವ ಮಾತು ಬರುತ್ತದೆ. ಪತ್ತೆಯಾದಾಗ ನಾಲ್ವರಲ್ಲಿ ಸುಮಾರು ಮೂವರಿಗೆ ರೋಗ ಇಟ್ಟಿಗೆ ಮುಟ್ಟಿರುವುದಿಲ್ಲ. ಇನ್ನೊಂದಿದೆ, ಸಿಐಎಸ್ ಎಂದು ಬರೆಯುತ್ತಾರೆ: ಗೋಡೆಯ ತೇವದ ಕಲೆಯಂತೆ ಚಪ್ಪಟೆ, ಮೇಲ್ಪದರದಲ್ಲೇ ಇದ್ದರೂ ಸ್ವಭಾವ ಕೆಟ್ಟದ್ದು.

ರಿಪೋರ್ಟು ಕೈಗೆ ಬಂದಾಗ ಎರಡು ವಿಷಯ ಕೇಳಿ. ಲೋ ಗ್ರೇಡೋ (ಸೌಮ್ಯ ಸ್ವಭಾವದ್ದು) ಹೈ ಗ್ರೇಡೋ (ಉಗ್ರ ಸ್ವಭಾವದ್ದು)? ತೆಗೆದ ತುಣುಕಿನಲ್ಲಿ ಸ್ನಾಯು ಸಿಕ್ಕಿದೆಯೋ ಇಲ್ಲವೋ? ಸ್ನಾಯುವೇ ಸಿಗದಿದ್ದರೆ ರೋಗ ಅಲ್ಲಿಗೆ ಇಳಿದಿಲ್ಲ ಎಂದು ಹೇಳುವುದು ಹೇಗೆ? ಅದಕ್ಕೇ ಟಿ1 ಬಂದವರಿಗೆ 2ರಿಂದ 6 ವಾರದೊಳಗೆ ಮತ್ತೊಮ್ಮೆ ಕೆರೆಯುತ್ತಾರೆ. ‘ಮೊದಲ ಆಪರೇಷನ್ ಸರಿಯಾಗಿ ಮಾಡಿಲ್ಲ’ ಎಂದು ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ಎರಡನೆಯದು ನಿಮ್ಮ ಹಿತಕ್ಕೇ ಇರುವುದು, ತಪ್ಪಿಸಬೇಡಿ.

ಅಪಾಯ ಕಡಿಮೆ ಇದ್ದವರಿಗೆ ಆಪರೇಷನ್ ಆದ 24 ಗಂಟೆಯೊಳಗೆ ಮೂತ್ರಕೋಶಕ್ಕೆ ಒಂದು ಡೋಸ್ ಕೀಮೋ ಔಷಧಿ ಬಿಟ್ಟರೆ ಸಾಕಾಗುವುದುಂಟು. ಹೈ ಗ್ರೇಡ್ ಇದ್ದವರಿಗೆ ಬಿಸಿಜಿ. ಹೌದು, ಹಸುಗೂಸಿಗೆ ಹಾಕಿಸುವ ಅದೇ ಬಿಸಿಜಿಯ ಜೀವಾಣು. 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ಇದನ್ನು ಮೂತ್ರಕೋಶದೊಳಗೆ ಬಳಸಿ ವರದಿ ಮಾಡಿದರು. ಅದು ಒಳಗೋಡೆಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ವಾರಕ್ಕೊಂದರಂತೆ 6 ವಾರ, ಆಮೇಲೆ ರೋಗಕ್ಕೆ ತಕ್ಕಂತೆ 1ರಿಂದ 3 ವರ್ಷ ನಡುನಡುವೆ. ಪ್ರತಿ ಸಲ ಸುಮಾರು ಎರಡು ಗಂಟೆ ಮೂತ್ರ ತಡೆದುಕೊಳ್ಳಬೇಕು. ಉರಿ, ಮೈಬೆಚ್ಚಗೆ ಸಾಮಾನ್ಯ. ಜ್ವರ ಜೋರಾಗಿ, ಇಳಿಯದೇ ಇದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ, ಬಿಸಿಜಿ ಹಾಕಿಸಿಕೊಂಡಿದ್ದೇವೆ ಎಂದು ಮೊದಲೇ ತಿಳಿಸಿ.

ಪಾಚಿ ಮತ್ತೆ ಹಿಡಿಯುವಂತೆ ಈ ಗಡ್ಡೆಯೂ ಎಷ್ಟೋ ಸಲ ಮರಳುತ್ತದೆ. ಮೂರು ತಿಂಗಳಿಗೆ ಮೊದಲ ಮರುತಪಾಸಣೆ, ಆಮೇಲೆ ವರ್ಷಗಳ ಕಾಲ. ಖರ್ಚಿನ ಚಿಂತೆ ಇದ್ದರೆ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ. ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಡೆಗೋ ಹೋಗುವಂತಾದರೆ ರಿಪೋರ್ಟಿನ ಜೊತೆಗೆ ಬಯಾಪ್ಸಿಯ ಸ್ಲೈಡು, ಬ್ಲಾಕುಗಳನ್ನೂ (ತೆಗೆದ ತುಣುಕನ್ನು ಗಾಜಿನ ಮೇಲೆ, ಮೇಣದಲ್ಲಿ ಕಾಪಿಟ್ಟಿದ್ದು) ಲ್ಯಾಬಿನಿಂದ ಕೇಳಿ ಪಡೆದು ಒಯ್ಯಿರಿ. ಅಲ್ಲಿ ಮೊದಲು ಕೇಳುವುದು ಅವನ್ನೇ.